ಮುಂದೆ ಬರುವ ಗಾಡಿಯ ರಾಗ

ಜಯನಗರ, ಹೊರಡುವ ಮುನ್ನ

ತೈವಾನಿನಿಂದ ಹಿಂದಿರುಗಿ ಬಂದು ಏನು ಹೇಳಬೇಕೆಂಬುದನ್ನು ನಾನು ವಿಮಾನ ಹತ್ತುವ ಮೊದಲೇ ಸಿದ್ಧಪಡಿಸಿಕೊಂಡಿದ್ದೆ. ಇದು ಅಪ್ರಾಮಾಣಿಕತೆಯಲ್ಲ, ಅಭ್ಯಾಸ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಮಗೆ ಕಲಿಸಿದ್ದೇ ಹೀಗೆ: ಮೊದಲು ಕೊನೆಯ ವಾಕ್ಯವನ್ನು ಬರೆದುಕೊಳ್ಳಬೇಕು, ಅನಂತರ ಅಲ್ಲಿಗೆ ತಲುಪಲು ಮೆಟ್ಟಿಲುಗಳನ್ನು ಕಟ್ಟಬೇಕು. ರಾಜ್ಯಶಾಸ್ತ್ರ ಬೋಧಿಸುವ ಅಧ್ಯಾಪಕನಾದ ಮೇಲೂ, ನಮ್ಮ ಬಡಾವಣೆಯ ನಿವಾಸಿಗಳ ವೇದಿಕೆಗೆ ಸಂಚಾಲಕನಾದ ಮೇಲೂ ಆ ಅಭ್ಯಾಸ ನನ್ನನ್ನು ಬಿಟ್ಟಿರಲಿಲ್ಲ.

ಕೊನೆಯ ವಾಕ್ಯ ಇದು: "ಸಹಾಯಧನವು ಕಾರ್ಖಾನೆಗೇ ಸಲ್ಲತಕ್ಕದ್ದು."

ಹೊಸ ಶತಮಾನ ಆರಂಭವಾಗಿ ಕೆಲವೇ ವರ್ಷಗಳಾಗಿದ್ದವು. ಬೆಂಗಳೂರಿನ ದಕ್ಷಿಣ ಭಾಗದ ಮನೆ ಮನೆಗಳಲ್ಲಿ ಹಳೆಯ ಟೀವಿ, ಸುಟ್ಟ ಮಿಕ್ಸಿ, ಮೂಲೆಗೆ ಸೇರಿದ ಕಂಪ್ಯೂಟರುಗಳು ತುಂಬಿಕೊಳ್ಳುತ್ತಿದ್ದವು. ಇವುಗಳ ವಿಲೇವಾರಿಗೆಂದು ಸರ್ಕಾರದ ಒಂದು ಇಲಾಖೆ ಸಹಾಯಧನವನ್ನು ತೆಗೆದಿರಿಸಿ, ಯಾರಿಗೆ ಕೊಡಬೇಕೆಂದು ಸಲಹೆ ನೀಡಲು ಸಮಿತಿಯೊಂದನ್ನು ರಚಿಸಿತ್ತು. ಅದರಲ್ಲಿ ನಾನು ಸರ್ಕಾರೇತರ ಸದಸ್ಯ. ನನ್ನ ಒಪ್ಪಿಗೆಯಿಲ್ಲದೆ ಕಡತ ಮುಂದೆ ಸಾಗದೆಂದು ಉಪನಿರ್ದೇಶಕರು ಮೊದಲ ಸಭೆಯಲ್ಲೇ ನಗುನಗುತ್ತ ಹೇಳಿದ್ದರು. ಒಂದು ಕಡೆ, ಕನಕಪುರ ರಸ್ತೆಯಲ್ಲಿ ಇವನ್ನು ಬಿಚ್ಚಿ ಲೋಹ ಬೇರ್ಪಡಿಸುವ ಭಾರಿ ಯಂತ್ರದ ಕಾರ್ಖಾನೆ ಸ್ಥಾಪಿಸಲು ಸಿದ್ಧವಾಗಿದ್ದ ಒಂದು ಸಂಸ್ಥೆ. ಇನ್ನೊಂದು ಕಡೆ, ಜರಗನಹಳ್ಳಿ, ಸಿದ್ದಾಪುರಗಳ ತಗಡಿನ ಶೆಡ್ಡುಗಳಲ್ಲಿ ಸುತ್ತಿಗೆ, ಸ್ಕ್ರೂಡ್ರೈವರುಗಳಿಂದ ಇದೇ ಕೆಲಸ ಮಾಡುತ್ತಿದ್ದ ಸಣ್ಣ ವರ್ಕ್‌ಶಾಪುಗಳು. ತಾಮ್ರಕ್ಕಾಗಿ ಅವರು ತಂತಿ ಸುಡುತ್ತಾರೆಂಬುದು ಗುಟ್ಟೇನಲ್ಲ. ಗಾಳಿ ಈ ಕಡೆ ತಿರುಗಿದ ಸಂಜೆ ಜೆ.ಪಿ. ನಗರದ ತಾರಸಿಗಳಲ್ಲಿ ಒಣಹಾಕಿದ ಬಟ್ಟೆಗೆ ಆ ವಾಸನೆ ಹತ್ತುತ್ತಿತ್ತು.

ತೈವಾನಿನ ಒಂದು ಸಂಸ್ಥೆ ಅಲ್ಲಿಯ ಮರುಬಳಕೆಯ ವ್ಯವಸ್ಥೆ ನೋಡಲು ನಮ್ಮ ಊರಿನಿಂದ ಇಬ್ಬರನ್ನು ಆಹ್ವಾನಿಸಿದಾಗ, ಎರಡು ಕಡೆಗೂ ನ್ಯಾಯವಾಗಲೆಂದು ಇಲಾಖೆ ನನ್ನ ಜೊತೆಗೆ ಸಣ್ಣ ವರ್ಕ್‌ಶಾಪುಗಳ ಪ್ರತಿನಿಧಿಯಾಗಿ ಶಕುಂತಲಾ ಅವರನ್ನು ಕಳಿಸಿತು. ಮುಧೋಳದ ಕಡೆಯವರು, ಎಲೆಕ್ಟ್ರಾನಿಕ್ಸಿನಲ್ಲಿ ಡಿಪ್ಲೊಮಾ ಮುಗಿಸಿ, ಬಿ.ಟಿ.ಎಂ. ಲೇಔಟಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಜರಗನಹಳ್ಳಿಯ ಒಂದು ಶೆಡ್ಡಿನಲ್ಲಿ ಮೇಲ್ವಿಚಾರಕಿಯಾಗಿದ್ದವರು. ವಿಮಾನ ನಿಲ್ದಾಣದಲ್ಲಿ ಪರಿಚಯವಾದ ಮರುಗಳಿಗೆಗೇ ಕೇಳಿದರು.

"ಸರ್, ನೀವು ಯಾರ ಕಡೆ?"

"ನಾನು ಯಾರ ಕಡೆಯೂ ಅಲ್ಲಮ್ಮ. ಭೂಮಿಯ ಕಡೆ."

"ಹಂಗಂದ್ರ ನಮ್ಮ ಕಡೆ ಅಲ್ಲ ಅಂದಂಗಾತು." ಅವರು ಚೀಲವನ್ನು ಹೆಗಲಿಗೇರಿಸಿಕೊಂಡು ನಕ್ಕರು. "ಇರಲಿ ಬಿಡ್ರಿ. ಒಂದ್ ಮಾತ್ ಹೇಳ್ತೀನಿ. ನಮ್ ಶೆಡ್ ಇರೋ ಜಾಗಾ ಗೌಡ್ರದು. ಕಾರ್ಖಾನಿಗೆ ಸರ್ಕಾರದ ರೊಕ್ಕ ಬಂತು ಅಂದ್ರ ಅವರ ಗೋದಾಮಿಗೆ ಜಾಗಾ ಕೊಡ್ತೀನಿ ಅಂತ ಅಂದಬಿಟ್ಟಾರ. ನೀವು ಹ್ಞೂಂ ಅಂದ ದಿನ ನಾವೆಲ್ಲಾ ಸಾಮಾನ ಕಟ್ಟೋದು. ಅಷ್ಟು ತಲ್ಯಾಗ ಇಟ್ಕೊಂಡು ಏನ್ ಬೇಕೋ ನೋಡ್ರಿ."

ಒಂದು ನೀತಿಯನ್ನು ವ್ಯಕ್ತಿಗಳ ಕಷ್ಟದಿಂದ ಅಳೆಯಬಾರದು ಎಂಬ ಉತ್ತರ ನನ್ನ ನಾಲಗೆಯ ತುದಿಯಲ್ಲಿತ್ತು. ಆದರೂ ವಿಮಾನದಲ್ಲಿ ಇಡೀ ದಾರಿ ಕಾಲು ಚಾಚುವುದು, ಮಡಿಸುವುದು, ಎದ್ದು ಓಡಾಡುವುದು, ಇದೇ ಆಯಿತು. ಶಕುಂತಲಾ ಹೊದಿಕೆಯನ್ನು ತಲೆಯ ಮೇಲೆಳೆದುಕೊಂಡು ನೆಮ್ಮದಿಯಾಗಿ ನಿದ್ದೆ ಮಾಡಿದರು.

ತೈಪೆ, ಮೊದಲ ಸಂಜೆ

ನಮ್ಮನ್ನು ಬರಮಾಡಿಕೊಂಡವರು ಮಿಸ್ ಚೆನ್ ಎಂಬ ತರುಣಿ. ಮುಂದಿನ ಅಷ್ಟೂ ದಿನ ಅವರೇ ನಮಗೆ ದುಭಾಷಿ, ಮಾರ್ಗದರ್ಶಿ, ಕೊಡೆ ಹಿಡಿಯುವವರು. ನಾವಿಬ್ಬರೂ ಸಸ್ಯಾಹಾರಿಗಳೆಂದು ತಿಳಿದು, ಬೌದ್ಧರು ನಡೆಸುವ ಶುದ್ಧ ಸಸ್ಯಾಹಾರಿ ಭೋಜನಶಾಲೆಗೆ ಹೆಮ್ಮೆಯಿಂದ ಕರೆದೊಯ್ದರು. ಕುಳಿತ ಸ್ವಲ್ಪ ಹೊತ್ತಿಗೆ ನನ್ನೆದುರು ಒಂದು ಮೀನು ಬಂತು. ಚಿಪ್ಪು, ಬಾಲ, ರೆಕ್ಕೆ ಸಮೇತವಾದ ಮೀನು.

ಸೋಯಾದಿಂದ ಮಾಡಿದ್ದು, ಚಿಪ್ಪು ಕಡಲಪಾಚಿಯದು ಎಂದು ಮಿಸ್ ಚೆನ್ ಎಷ್ಟು ವಿವರಿಸಿದರೂ ನನ್ನ ಕೈ ಮುಂದಕ್ಕೆ ಹೋಗಲೊಲ್ಲದು. ತತ್ತ್ವತಃ ಅದು ಹುರುಳಿಕಾಯಿ ಪಲ್ಯಕ್ಕಿಂತ ಭಿನ್ನವಲ್ಲವೆಂದು ನನಗೆ ನಾನೇ ವಾದ ಮಂಡಿಸಿ, ಗೆದ್ದು, ಕೊನೆಗೆ ಬರಿಯ ಅನ್ನ ತಿಂದೆ.

"ಭೂಮಿ ಕಡೆಯವ್ರು ಉಪಾಸ ಬಿದ್ರಲ್ಲ!" ಎನ್ನುತ್ತ ಶಕುಂತಲಾ ನನ್ನ ಮೀನನ್ನೂ ತಮ್ಮ ತಟ್ಟೆಗೆ ಎಳೆದುಕೊಂಡರು.

ಹೊರಗೆ ಸೆಕೆ. ನಮ್ಮಲ್ಲಿ ಏಪ್ರಿಲಿನ ಸೆಕೆಗೂ ಸಂಜೆಯಲ್ಲಿ ಒಂದು ಸಮಾಧಾನವಿರುತ್ತದೆ. ಇಲ್ಲಿ ಗಾಳಿಯೇ ಒದ್ದೆ ಟವಲಿನಂತೆ ಮೈಗೆ ಅಂಟಿಕೊಂಡಿತ್ತು. ಕಿರಿದಾದ ಬೀದಿಯಲ್ಲಿ ನಡೆಯುತ್ತಿದ್ದಾಗ ಹಿಂದಿನಿಂದ ಒಂದು ರಾಗ ಕೇಳಿತು. ತೆಳ್ಳನೆಯ, ಆಟಿಕೆಯ ಪೆಟ್ಟಿಗೆಯಿಂದ ಬಂದಂಥ ಪೀಪಿ ರಾಗ. ನಾನೂ ಶಕುಂತಲಾ ಅವರೂ ಒಂದೇ ಕ್ಷಣದಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತೆವು.

ಬೆಂಗಳೂರಿನವರು ಯಾರೇ ಆದರೂ ಹಾಗೆಯೇ ಮಾಡುತ್ತಿದ್ದರು. ಕಾರನ್ನು ಹಿಂದಕ್ಕೆ ತೆಗೆಯುವಾಗ ಸಂಗೀತ ನುಡಿಸುವ ಹಾರನ್ನು ಆಗ ನಮ್ಮ ಊರಿನ ಪ್ರತಿಯೊಂದು ಮಾರುತಿಗೂ ಇತ್ತು. ಗೇಟಿನೊಳಗಿಂದ ಆ ರಾಗ ಕೇಳಿದರೆ ತರಕಾರಿ ಗಾಡಿಯವನಿಂದ ಹಿಡಿದು ಬೆಳಗಿನ ವಾಕಿಂಗಿನವರವರೆಗೆ ಎಲ್ಲರೂ ಯೋಚಿಸದೆ ಸರಿದು ನಿಲ್ಲುತ್ತೇವೆ. ಇಲ್ಲಿಯೂ ಅದೇ ರಾಗ!

ಆದರೆ ಇಲ್ಲಿ ನಡೆದದ್ದು ನೇರ ತದ್ವಿರುದ್ಧ. ರಾಗ ಕೇಳಿದ್ದೇ ತಡ, ಬೀದಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ನೈಟಿಯಲ್ಲಿದ್ದ ಹೆಂಗಸರು, ಟೈ ಬಿಚ್ಚದ ಗುಮಾಸ್ತರು, ಊರುಗೋಲಿನ ಮುದುಕರು, ಎಲ್ಲರೂ ಕೈಯಲ್ಲಿ ಚೀಲ ಹಿಡಿದು ರಾಗದ ಕಡೆಗೇ ಓಡತೊಡಗಿದರು. ತಿರುವಿನಲ್ಲಿ ಹಳದಿ ಲಾರಿಯೊಂದು ನಿಧಾನವಾಗಿ ಮುಂದೆ ಬರುತ್ತಿತ್ತು. ಕಸದ ಲಾರಿ! ಅದರ ಹಿಂದೆಯೇ, ಮರುಬಳಕೆಯ ಸಾಮಾನಿಗೆಂದು ಇನ್ನೊಂದು ಬಿಳಿ ಲಾರಿ.

"ಇಲ್ಲಿ ಕಸ ನೆಲ ಮುಟ್ಟಬಾರದು. ಮನೆಯವರೇ ತಂದು ಕೈಯಾರೆ ಒಪ್ಪಿಸಬೇಕು," ಎಂದರು ಮಿಸ್ ಚೆನ್. ಆಮೇಲೆ ಗೋಡೆಗೆ ಹಲ್ಲಿಯಂತೆ ಅಂಟಿದ್ದ ನಮ್ಮನ್ನು ಕಂಡು ಕೇಳಿದರು: "ನೀವಿಬ್ಬರೂ ಯಾಕೆ ಹೆದರಿದಿರಿ?"

ವಿವರಿಸಿದಾಗ ಅವರು ಬೀದಿಯಲ್ಲೇ ಹೊಟ್ಟೆ ಹಿಡಿದು ನಕ್ಕರು. ನನಗೆ ನಗು ಬರಲಿಲ್ಲ. ನಮ್ಮ ಬಡಾವಣೆಯಲ್ಲಿ 'ಇಲ್ಲಿ ಕಸ ಹಾಕಬಾರದು' ಎಂಬ ಫಲಕದ ಕೆಳಗೇ ಬೆಳೆಯುವ ಗುಡ್ಡೆ ಕಣ್ಣ ಮುಂದೆ ಬಂತು. ಆ ಫಲಕ ಬರೆಸಿದವನು ನಾನೇ.

ಕಾರ್ಖಾನೆ

ಮರುದಿನ ನೋಡಿದ ಕಾರ್ಖಾನೆ ನನ್ನ ಕನಸಿನ ಕಾರ್ಖಾನೆಯೇ ಆಗಿತ್ತು. ಒಂದು ತುದಿಯಲ್ಲಿ ಹಳೆಯ ಟೀವಿಗಳು ಸಾಲಾಗಿ ಚಲಿಸುವ ರಬ್ಬರ್ ಪಟ್ಟಿಯ ಮೇಲೇರುತ್ತವೆ. ಇನ್ನೊಂದು ತುದಿಯಲ್ಲಿ ಗಾಜು, ತಾಮ್ರ, ಕಬ್ಬಿಣ, ಪ್ಲಾಸ್ಟಿಕ್ಕುಗಳು ಬೇರೆ ಬೇರೆಯಾಗಿ ಇಳಿಯುತ್ತವೆ. ಹೊಗೆಯಿಲ್ಲ, ವಾಸನೆಯಿಲ್ಲ. ಅದಿರಿಗಾಗಿ ಬೆಟ್ಟ ಅಗೆಯದೆ, ಅದನ್ನು ಕರಗಿಸಲು ಅಷ್ಟು ಕಲ್ಲಿದ್ದಲು ಉರಿಸದೆ, ಹಳೆಯ ವಸ್ತುವಿನ ಲೋಹವೇ ಹೊಸ ವಸ್ತುವಿಗೆ ಹೋಗುತ್ತದೆ. ನಾನು ಸಂತೋಷದಿಂದ ಒಂದೆಡೆ ನಿಲ್ಲಲಾರದೆ ಪಟ್ಟಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಲೇ ಇದ್ದೆ.

"ಕಡಿಮೆ ಇಂಗಾಲದ ಸರಬರಾಜು ಸರಪಳಿ ಅಂದರೆ ಇದೇ ನೋಡಿ," ಎಂದೆ.

"ಸರಪಳಿ ಛಲೋ ಐತಿ ಸರ್," ಎಂದರು ಶಕುಂತಲಾ. "ಯಾರ ಕಾಲಿಗೆ ಹಾಕ್ತೀರಿ ಅನ್ನೋದೊಂದೇ ಕೇಳೋದೈತಿ."

ಕಾರ್ಖಾನೆಯ ವ್ಯವಸ್ಥಾಪಕರಾದ ವಾಂಗ್ ಎಂಬವರನ್ನು ನಾನು ಕೇಳಿದೆ: "ಈ ಯಂತ್ರಕ್ಕೆ ಸರ್ಕಾರ ಎಷ್ಟು ಭಾಗ ಕೊಟ್ಟಿತು?"

ಅವರಿಗೆ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ. ಮಿಸ್ ಚೆನ್ ಎರಡೆರಡು ಬಾರಿ ಕೇಳಿದ ಮೇಲೆ ಉತ್ತರ ಬಂತು. ಯಂತ್ರ ತಾವೇ ಸಾಲ ಮಾಡಿ ಕೊಂಡದ್ದು. ಟೀವಿ ತಯಾರಿಸುವವರೂ ಆಮದು ಮಾಡುವವರೂ ಪ್ರತಿಯೊಂದು ಟೀವಿಯ ಲೆಕ್ಕದಲ್ಲಿ ಒಂದು ನಿಧಿಗೆ ಶುಲ್ಕ ಕಟ್ಟುತ್ತಾರೆ. ಹಳೆಯ ಟೀವಿಯನ್ನು ಯಾರು ಕ್ರಮವಾಗಿ ಬಿಚ್ಚುತ್ತಾರೋ ಅವರಿಗೆ, ತಪಾಸಣೆಯಾದ ಮೇಲೆ, ಆ ನಿಧಿಯಿಂದ ಟೀವಿಯೊಂದಕ್ಕೆ ಇಂತಿಷ್ಟು ಎಂದು ಸಹಾಯಧನ ಬರುತ್ತದೆ. ಒಡೆದು ತಾಮ್ರ ಕಿತ್ತುಕೊಂಡ ಟೀವಿಗೆ ಏನೂ ಇಲ್ಲ. ಆದ್ದರಿಂದ ಹಳೆ ಸಾಮಾನಿನವರು ಈಗ ಟೀವಿಯನ್ನು ಮಗುವನ್ನು ಎತ್ತಿಕೊಂಡು ಬಂದ ಹಾಗೆ ಇಡಿಯಾಗಿ ತರುತ್ತಾರೆ.

"ಸಣ್ಣವ್ರು ಬಿಚ್ಚಿದ್ರ?" ಶಕುಂತಲಾ ಕೇಳಿದರು.

"ಪರವಾನಗಿ ಪಡೆದು ಸರಿಯಾಗಿ ಬಿಚ್ಚಿದರೆ ಅವರಿಗೂ ಅಷ್ಟೇ."

ಶಕುಂತಲಾ ನನ್ನ ಕಡೆ ನೋಡಿದರು. ನಾನು ಯಂತ್ರದ ಕಡೆ ನೋಡಿದೆ. 'ಇದು ಅಪವಾದ, ಅಪವಾದದಿಂದ ನಿಯಮ ಮುರಿಯದು' ಎಂಬ ಖಂಡನೆಯ ವಾಕ್ಯ ಆಗಲೇ ಮನಸ್ಸಿನಲ್ಲಿ ಸಿದ್ಧವಾಗಿತ್ತು. ಆದರೂ ಬೂಟಿನೊಳಗೆ ಸೇರಿದ ಮರಳಿನ ಕಣದಂತೆ ಏನೋ ಒಂದು ಚುಚ್ಚತೊಡಗಿತು.

ದಕ್ಷಿಣದ ನದಿ

ನಾವು ರೈಲಿನಲ್ಲಿ ದ್ವೀಪದ ದಕ್ಷಿಣಕ್ಕೆ ಹೋದದ್ದು ಒಂದು ನದಿಯನ್ನು ನೋಡಲು. ಊಟದ ಡಬ್ಬಿಯಲ್ಲಿ ಈ ಬಾರಿ ಸೋಯಾದ ಕೋಳಿಯಿತ್ತು. ಮತ್ತೆ ಅನ್ನವೇ ಗತಿಯಾಯಿತು.

ಮಿಸ್ ಚೆನ್ ಅವರ ಸೋದರತ್ತೆಯ ಮನೆ ಆ ದಂಡೆಯ ಮೇಲಿತ್ತಂತೆ. ಒಂದು ಕಾಲದಲ್ಲಿ ಅಲ್ಲಿ ಮನೆ ಮನೆಯಲ್ಲೂ ಹಳೆಯ ತಂತಿ ಸುಡುವ, ಕಂಪ್ಯೂಟರಿನ ಸರ್ಕ್ಯೂಟ್ ಬೋರ್ಡುಗಳನ್ನು ಆಮ್ಲದಲ್ಲಿ ತೊಳೆಯುವ ಕೆಲಸ. ತೊಳೆದದ್ದೆಲ್ಲ ನದಿಗೆ. ದಂಡೆಯ ಮಣ್ಣು ಇನ್ನೂ ಕಪ್ಪಾಗಿತ್ತು. ನೀರು ಹರಿಯುತ್ತಿತ್ತು, ಆದರೆ ಹರಿಯುವ ನೀರಿನ ಬಳಿ ಕೇಳಬೇಕಾದ ಹಕ್ಕಿಯ ಸದ್ದು ಕೇಳಲಿಲ್ಲ.

"ಮೊದಮೊದಲು ಬರೀ ಪೊಲೀಸರನ್ನು ಕಳಿಸಿದರು," ಎಂದರು ಮಿಸ್ ಚೆನ್. "ಈ ದಂಡೆಯಲ್ಲಿ ಹಿಡಿದರೆ ಆ ದಂಡೆಯಲ್ಲಿ ಬೆಂಕಿ ಹೊತ್ತುತ್ತಿತ್ತು. ನನ್ನ ಅತ್ತೆ ಕೆಮ್ಮಿಕೊಂಡೇ ಸುಡುತ್ತಿದ್ದಳು."

ಶಕುಂತಲಾ ನೀರಿನ ಅಂಚಿನವರೆಗೆ ಇಳಿದು ನಿಂತರು. ನಾನು ತಡೆಯಲಾರದೆ ಅವರನ್ನು ನೇರವಾಗಿ ಕೇಳಿಬಿಟ್ಟೆ: "ನಿಮ್ಮ ಶೆಡ್ಡಿನಲ್ಲಿ ಸುಡುತ್ತೀರಾ?"

"ಸುಡ್ತೀವ್ರಿ."

ನಿರಾಕರಿಸುತ್ತಾರೆಂದು ಕಾಯುತ್ತಿದ್ದ ನಾನು ಅವರ ಕಡೆ ತಿರುಗಿದೆ.

"ತಂತಿ ಸಿಪ್ಪಿ ಕೈಲೆ ಸುಲಿಯೋದ್ರಾಗ ದಿನಾ ಹೋಗ್ತಾವ್ರಿ. ಸುಟ್ರ ಬೂದಿ ಝಾಡಿಸಿದ್ರ ಮುಗೀತು. ಇಬ್ರು ಹುಡುಗ್ಯಾರಿಗೆ ದಮ್ಮು ಹತ್ತೇತಿ. ನನಗ ಗೊತ್ತಿಲ್ಲೇನು?" ಅವರು ಕಾಲ ಬಳಿಯ ಕಪ್ಪು ಮಣ್ಣನ್ನೇ ನೋಡುತ್ತಿದ್ದರು. "ನೀವು ಏನ್ ಮಾಡ್ತೀರಿ ಹೇಳ್ರಿ. ಕಾರ್ಖಾನಿಗೆ ರೊಕ್ಕ, ನಮಗ ನೋಟಿಸು. ನಾವು ಜರಗನಹಳ್ಳಿ ಬಿಟ್ಟು ಮುಂದಿನ ಹಳ್ಳಿಗೆ ಹೋಗಿ ಅಲ್ಲಿ ಸುಡ್ತೀವಿ. ನಿಮ್ಮ ಜೆ.ಪಿ. ನಗರದಾಗ ಒಣಾಕಿದ ಅರಬಿಗೆ ವಾಸನಿ ಬರಂಗಿಲ್ಲ, ಅಷ್ಟ. ಹೊಗಿಗೆ ಜಾಗಾ ಬದಲಾಗತೈತಿ, ಹೊಗಿ ಹೋಗಂಗಿಲ್ಲ."

ನನ್ನ ಬಳಿ ಉತ್ತರವಿತ್ತು. ಮೂರು ಉತ್ತರಗಳಿದ್ದವು. ಒಂದನ್ನೂ ಆ ನದಿಯ ಮುಂದೆ ಹೇಳುವಂತಿರಲಿಲ್ಲ.

ವಾರ್ಡಿನ ಸಭಾಂಗಣ

ಕೊನೆಯ ಸಂಜೆ ತೈಪೆಯ ಒಂದು ವಾರ್ಡಿನ ಸಭಾಂಗಣದಲ್ಲಿ ನಿವಾಸಿಗಳ ಮುಂದೆ ನಾನು ಮಾತನಾಡಬೇಕಿತ್ತು. ಮಹಡಿಯ ಮೇಲಿನ ಕೋಣೆ ತುಂಬಿತ್ತು. ಇದು ನನ್ನ ಕ್ಷೇತ್ರ: ಎತ್ತರದ ಮೇಜು, ಎದುರಿಗೆ ಸಾಲು ಕುರ್ಚಿಗಳು. ಮನೆಯಿಂದ ತಂದಿದ್ದ ಭಾಷಣವನ್ನೇ ಆರಂಭಿಸಿದೆ. ಗಣಿಯಿಂದ ಅಂಗಡಿಯವರೆಗೆ ಒಂದು ಫ್ಯಾನು ನಡೆದು ಬರುವ ದಾರಿ, ಆ ದಾರಿಯಲ್ಲಿ ಉರಿಯುವ ಕಲ್ಲಿದ್ದಲು, ಸರ್ಕಾರದ ಕರ್ತವ್ಯ. ಮೆಟ್ಟಿಲುಗಳು ಒಂದೊಂದಾಗಿ ಏರುತ್ತಿದ್ದವು. ಮಿಸ್ ಚೆನ್ ಅನುವಾದಿಸುತ್ತಿದ್ದರು, ಜನ ತಲೆದೂಗುತ್ತಿದ್ದರು.

"ಆದ್ದರಿಂದ ಸಹಾಯಧನವು..." ಎಂದು ನಾನು ಕೈಯೆತ್ತುವುದಕ್ಕೂ ಇಡೀ ಸಭೆ ಎದ್ದು ನಿಲ್ಲುವುದಕ್ಕೂ ಸರಿಹೋಯಿತು.

ಮೊದಲ ಸಾಲು ಬಾಗಿಲಿಗೆ ನುಗ್ಗಿತು. ಎರಡನೆಯದು ಅದರ ಹಿಂದೆ. ಅಧ್ಯಕ್ಷರು ನನಗೆ ಅರ್ಧ ನಮಸ್ಕಾರ ಮಾಡಿ ಓಡಿದರು. ಮಿಸ್ ಚೆನ್ ಅರ್ಧ ಅನುವಾದಿಸಿದ ವಾಕ್ಯವನ್ನು ಬಾಯಲ್ಲೇ ಬಿಟ್ಟು ಮಾಯವಾದರು. ಕಾಲೇಜಿನ ದಿನಗಳಲ್ಲಿ ಕೂಗಾಟ ಕಂಡಿದ್ದೇನೆ, ಬೆಂಚು ಕುಟ್ಟುವುದನ್ನು ಕಂಡಿದ್ದೇನೆ; ಹೀಗೆ ಒಂದು ಸಭೆ ನನ್ನನ್ನು ತಿರಸ್ಕರಿಸಿ ಹೊರನಡೆದದ್ದನ್ನು ಕಂಡಿರಲಿಲ್ಲ. ನಾನು ಅಂಥದ್ದೇನು ಹೇಳಿದೆ?

ಖಾಲಿ ಕುರ್ಚಿಗಳ ನಡುವೆ ಶಕುಂತಲಾ ಒಬ್ಬರೇ ಕುಳಿತಿದ್ದರು. ಬೆರಳನ್ನು ಕಿವಿಯ ಹತ್ತಿರ ಹಿಡಿದು, "ಕೇಳ್ರಿ ಸರ್," ಎಂದರು.

ಕೆಳಗಿನ ಬೀದಿಯಿಂದ ಪೀಪಿ ರಾಗ.

"ಅಯ್ಯೋ, ಕಸದ ಲಾರಿ!"

"ಬರ್ರಿ, ಬರ್ರಿ. ಗ್ವಾಡಿಗೆ ಆತ್ಕೋಬ್ಯಾಡ್ರಿ ಈ ಸಲ."

ಇಬ್ಬರೂ ಕೆಳಗಿಳಿದೆವು. ಸಭೆಗೆ ಬರುವಾಗಲೇ ತಂದು ಮೆಟ್ಟಿಲ ಬುಡದಲ್ಲಿ ತೂಗುಹಾಕಿದ್ದ ಚೀಲಗಳನ್ನು ಜನ ಎಳೆದುಕೊಳ್ಳುತ್ತಿದ್ದರು. ಊರುಗೋಲಿನ ಅಜ್ಜಿಯೊಬ್ಬಳು ತನ್ನ ಎರಡು ಚೀಲಗಳಲ್ಲಿ ಒಂದನ್ನು ಸಂಕೋಚವಿಲ್ಲದೆ ನನ್ನ ಕೈಗೆ ತುರುಕಿದಳು. ನಾನು ಓಡಿದೆ. ನನ್ನೆದುರಿನಲ್ಲಿ ಒಬ್ಬಾತ ಕೆಟ್ಟ ಟೇಬಲ್ ಫ್ಯಾನನ್ನು ಎರಡೂ ಕೈಯಲ್ಲಿ ಎತ್ತಿ ಬಿಳಿ ಲಾರಿಯವನಿಗೆ ಕೊಟ್ಟ. ಆತ ಅದರ ತಂತಿಯನ್ನು ಸುತ್ತಿ ಜೋಪಾನವಾಗಿ ಒಳಗಿಟ್ಟ. ಪಕ್ಕದಲ್ಲೇ ಮೂರು ಚಕ್ರದ ಸೈಕಲ್ಲಿನ ಹೆಂಗಸೊಬ್ಬಳು ಜನರಿಂದ ರಟ್ಟು ಪಡೆಯುತ್ತಿದ್ದಳು. ಅವಳಿಗೆ ಕೊಟ್ಟು ಉಳಿದದ್ದು ಸರ್ಕಾರಿ ಲಾರಿಗೆ. ಲಾರಿಯವರು ಅವಳನ್ನು ಗದರಿಸಲಿಲ್ಲ. ಅವಳ ಸೈಕಲ್ಲಿಗೆ ದಾರಿಯಾಗಲೆಂದು ಲಾರಿಯನ್ನೇ ಒಂದಿಷ್ಟು ಮುಂದೆ ತೆಗೆದರು.

ಅಜ್ಜಿಯ ಚೀಲ ಕೈಬಿಟ್ಟ ಆ ಕ್ಷಣದಲ್ಲಿ, ಕಾರ್ಖಾನೆಯಲ್ಲಿ ಕೇಳಿಯೂ ಒಪ್ಪದೆ ಬಿಟ್ಟ ಮಾತು ನನಗೆ ಮತ್ತೆ ಕೇಳಿತು. ಇಲ್ಲಿ ಆ ನಿಧಿಯ ಹಣ ಸಂದದ್ದು ಯಂತ್ರಕ್ಕಲ್ಲ, ಶೆಡ್ಡಿಗೂ ಅಲ್ಲ. ಕೈಯಿಂದ ಕೈಗೆ ಹೋಗುತ್ತಿದ್ದ ಆ ಫ್ಯಾನಿಗೆ. ಕೊನೆಯವರೆಗೆ ಹೊಗೆಯಿಲ್ಲದೆ ಅದನ್ನು ಯಾರು ಮುಟ್ಟಿಸುತ್ತಾರೋ ಅವರಿಗೆ.

ಜನ ಕೈ ತೊಳೆದು ಮೇಲೆ ಬಂದು, ಏನೂ ಆಗದವರಂತೆ ಕುಳಿತರು. ನಿಲ್ಲಿಸಿದಲ್ಲಿಂದ ಮುಂದುವರಿಸಬೇಕೆಂದು ಅಧ್ಯಕ್ಷರು ಕೈ ಮುಗಿದರು. ನಿಲ್ಲಿಸಿದ ಜಾಗ ನನಗೆ ಸ್ಪಷ್ಟವಾಗಿ ನೆನಪಿತ್ತು. ಆ ವಾಕ್ಯವನ್ನು ಮುಗಿಸುವುದು ಮಾತ್ರ ಸಾಧ್ಯವಾಗಲಿಲ್ಲ.

"ಪಕ್ಷ ಬದಲಾಯಿಸಿದ್ರೇನ್ರೀ ಸರ್?" ಹೊರಡುವಾಗ ಶಕುಂತಲಾ ಕೆಣಕಿದರು.

"ಇಲ್ಲ. ಪ್ರಶ್ನೆಯನ್ನೇ ಬದಲಾಯಿಸಬೇಕಾಗಿದೆ," ಎಂದೆ. ಚರ್ಚಾಸ್ಪರ್ಧೆಯಲ್ಲಿ ಅದಕ್ಕೆ ಅವಕಾಶವೇ ಇಲ್ಲ. ಪರವಾಗಿ ಮಾತನಾಡಬಹುದು, ವಿರೋಧವಾಗಿ ಮಾತನಾಡಬಹುದು. ವಿಷಯವನ್ನು ಕೊಡುವವರು ಮಾತ್ರ ಸಂಘಟಕರು.

ಮತ್ತೆ ಜಯನಗರ

ನಮ್ಮ ಸಂಘಟಕರಾದ ಇಲಾಖೆಯವರು ಸುಲಭವಾಗಿ ಬಿಟ್ಟುಕೊಡಲಿಲ್ಲ. ಸಮಿತಿಯ ಸಭೆಯಲ್ಲಿ ನಾನು ಕಂಡದ್ದನ್ನು ವಿವರಿಸಿ, ಸಹಾಯಧನವನ್ನು ಬಿಚ್ಚಿದ ವಸ್ತುವಿಗೆ ಕೊಡೋಣ, ಸುಡದೆ ಬಿಚ್ಚುವವರೆಲ್ಲರಿಗೂ ಬಾಗಿಲು ತೆರೆದಿರಲಿ ಎಂದೆ. ಉಪನಿರ್ದೇಶಕರು ತಾಳ್ಮೆಯಿಂದ ಕೇಳಿಸಿಕೊಂಡರು.

"ಐಡಿಯಾ ಸಖತ್ತಾಗಿದೆ ಸಾರ್. ಆದ್ರೆ ನಮ್ ಬಜೆಟ್ಟಲ್ಲಿ ಕಟ್ಟಡ, ಯಂತ್ರ ಅಂತ ಮಾತ್ರ ಇದೆ. ಒಂದೊಂದು ಫ್ಯಾನಿಗೆ ಕೊಡೋಕೆ ಎಲ್ಲಿದೆ ಜಾಗ? ಮಾರ್ಚ್ ಮುಗಿದ್ರೆ ದುಡ್ಡು ಲ್ಯಾಪ್ಸ್ ಆಗೋಗತ್ತೆ. ಸುಮ್ನೆ ಕಾರ್ಖಾನೆಗೆ ಹ್ಞೂಂ ಅಂದ್ಬಿಡಿ. ನಿಮ್ಗೂ ಕ್ರೆಡಿಟ್ಟು."

ನಾನು ಹ್ಞೂಂ ಅನ್ನಲಿಲ್ಲ. ಕಡತ ಸಾಗಲಿಲ್ಲ. ಮಾರ್ಚ್ ಮುಗಿಯಿತು, ಹಣ ಹಿಂದಕ್ಕೆ ಹೋಯಿತು. ಇದನ್ನು ಜಯವೆಂದು ನಾನು ಎಣಿಸುವುದಿಲ್ಲ. ಬರಬಹುದಾಗಿದ್ದ ಒಂದು ಒಳ್ಳೆಯ ಯಂತ್ರ ಬರಲಿಲ್ಲ ಎಂಬುದೂ ಸತ್ಯ. ವೇದಿಕೆಯ ಹಿರಿಯರು ಕೆಲವರು ನನ್ನೊಡನೆ ಮಾತು ಬಿಟ್ಟರು. ವಾರಗಟ್ಟಲೆ ಓದಲು ಕುಳಿತರೆ ಏಳುವಂತಾಗುತ್ತಿತ್ತು, ನಡೆಯಲು ಹೊರಟರೆ ಹಿಂದಿರುಗುವಂತಾಗುತ್ತಿತ್ತು.

ಶಕುಂತಲಾ ಮನೆಗೆ ಬಂದದ್ದು ಅಂಥ ಒಂದು ಸಂಜೆ. "ರೊಕ್ಕ ಹೋತು, ಶೆಡ್ಡು ಉಳೀತು," ಎಂದು ಕುರ್ಚಿ ಎಳೆದುಕೊಂಡರು. "ಈಗ ಹೊಗಿದೇನು ಹೇಳ್ರಿ?"

"ಹೊಗೆ ನಿಲ್ಲಲೇಬೇಕು."

"ನಿಂದರಸ್ತೀವಿ. ವರ್ಕ್‌ಶಾಪಿನ ಮಾಲಕರ ಹತ್ರ ಮಾತಾಡೀನಿ. ಕೈಲೆ ಸುಲಿಯೋದು ಗಿಟ್ಟಬೇಕಂದ್ರ ಸಾಮಾನ ಇಡಿಯಾಗಿ ಬರಬೇಕು, ಭಾಳ ಬರಬೇಕು, ನಡುವಿನವ್ರ ಕೈಗೆ ಸಿಗದಂಗ ಸೀದಾ ಮನಿಯಿಂದ ಬರಬೇಕು. ನಿಮ್ಮ ಬೀದಿ ಮಂದಿ ಕೊಡ್ತಾರೇನ್ರಿ?"

"ಕೇಳಬೇಕು."

"ಕೇಳೋದೇನ್ ಬ್ಯಾಡ. ನಾ ಒಂದು ಸಾಮಾನ ತಂದೀನಿ." ಏನೆಂದು ಮಾತ್ರ ಹೇಳಲಿಲ್ಲ; ಶನಿವಾರ ಬೆಳಿಗ್ಗೆ ಹಳೆಯ ಸಾಮಾನು ಇಳಿಸಿಟ್ಟುಕೊಂಡು ಗೇಟಿನ ಬಳಿ ಇರಬೇಕೆಂದರು.

ಶನಿವಾರ ಬೆಳಿಗ್ಗೆ ನಾನು ಗೇಟಿನ ಬಳಿ ನಿಂತಿದ್ದೆ. ಎದುರು ಮನೆಯ ನಿವೃತ್ತ ಎಂಜಿನಿಯರರು ಗಿಡಕ್ಕೆ ನೀರು ಬಿಡುತ್ತಿದ್ದರು. ಪಕ್ಕದ ಮನೆಯ ಕಮಲಮ್ಮನವರು ಸೊಪ್ಪಿನವಳೊಡನೆ ಚೌಕಾಸಿ ನಡೆಸಿದ್ದರು. ತಿರುವಿನಲ್ಲಿ ಪೀಪಿ ರಾಗ ಕೇಳಿತು. ಕಮಲಮ್ಮನವರು ಸೊಪ್ಪಿನವಳನ್ನು ತೋಳು ಹಿಡಿದು ಕಾಂಪೌಂಡಿಗೆ ಎಳೆದುಕೊಂಡರು. ಎಂಜಿನಿಯರರು ಪೈಪು ಬಿಸುಟು ಗೋಡೆಗೆ ಒರಗಿದರು. ಕ್ಷಣದಲ್ಲಿ ಇಡೀ ಬೀದಿ ಅಂಚಿಗೆ ಸರಿದು ನಿಂತಿತು.

ಮೂರು ಚಕ್ರದ ಒಂದು ಸಾಮಾನು ಆಟೋ ನಿಧಾನವಾಗಿ ಮುಂದೆ ಬರುತ್ತಿತ್ತು. ಅದರ ತಲೆಯ ಮೇಲೆ ಕಾರಿನ ರಿವರ್ಸ್ ಹಾರನ್ನು ಕಟ್ಟಲಾಗಿತ್ತು. ಚಾಲಕನ ಹಿಂದೆ ಶಕುಂತಲಾ ನಿಂತಿದ್ದರು.

ನಾನು ಒಳಗೆ ಓಡಿ, ಅಟ್ಟದಿಂದ ಇಳಿಸಿಟ್ಟಿದ್ದ ಸುಟ್ಟ ಮಿಕ್ಸಿಯನ್ನು ಎತ್ತಿಕೊಂಡು ರಸ್ತೆಯ ನಡುವಿಗೆ ಓಡಿ ಬಂದೆ.

"ಸಾರ್, ಸಾರ್! ಗಾಡಿ ಹಿಂದಕ್ಕೆ ಬರ್ತಾ ಇದೆ, ಸರೀರಿ!" ಎಂಜಿನಿಯರರು ಗೋಡೆಯಿಂದಲೇ ಕೂಗಿದರು.

"ಇಲ್ಲ ಸಾರ್, ಮುಂದಕ್ಕೆ ಬರ್ತಾ ಇದೆ!"

ಅವರು ಇಣುಕಿ ನೋಡಿದರು. ಕಮಲಮ್ಮನವರೂ ನೋಡಿದರು. ಕಮಲಮ್ಮನವರು ಏನನ್ನೋ ನೆನಪಿಸಿಕೊಂಡವರಂತೆ ಒಳಗೆ ನಡೆದು, ತಂತಿ ಜೋಲಾಡುವ ಒಂದು ಇಸ್ತ್ರಿಪೆಟ್ಟಿಗೆಯನ್ನು ಹಿಡಿದು ಬಾಗಿಲಿಗೆ ಬಂದರು. "ಇದನ್ನ ತಗೋತಾರೇನ್ರೀ?" ಎಂದು ಅಲ್ಲಿಂದಲೇ ಕೇಳಿದರು.

ಗಾಡಿ ನನ್ನೆದುರು ನಿಂತಿತು. ಕೈ ನೋಯುತ್ತಿತ್ತು, ಮಿಕ್ಸಿಯನ್ನು ಒಂದು ಗಳಿಗೆ ರಸ್ತೆಯ ಮೇಲಿಡಲು ಬಗ್ಗಿದೆ.

"ನೆಲಕ್ಕ ಇಡಬ್ಯಾಡ್ರಿ ಸರ್," ಶಕುಂತಲಾ ಎರಡೂ ಕೈ ಚಾಚಿದರು. "ಕೈಗೆ ಕೊಡ್ರಿ."